ನಿಮಗಿದು ಗೊತ್ತೆ? ‘ಎಚ್ಚರ’ಕ್ಕೆ ಎಷ್ಟು ಅರ್ಥ!

ನಿದ್ದೆ ಬಿಟ್ಟರೆ ‘ಎಚ್ಚರವಾಯಿತು’. ಬಿಸಿಲಿಗೆ ತಲೆಸುತ್ತಿ ಬಿದ್ದರೆ ‘ಎಚ್ಚರ ತಪ್ಪಿತು’. ರಸ್ತೆ ದಾಟುವ ಮಗುವಿಗೆ ‘ಎಚ್ಚರ!’ ನಿದ್ದೆಯಲ್ಲದ ಸ್ಥಿತಿ, ಪ್ರಜ್ಞೆ, ಜಾಗರೂಕತೆ ಮೂರನ್ನೂ ಕನ್ನಡಿಗರು ಈ ಒಂದೇ ಪದದಲ್ಲಿ ಸುಧಾರಿಸಿಕೊಂಡಿದ್ದಾರೆ. ಆದರೂ ಯಾರಿಗೂ ಗೊಂದಲವಾಗುವುದಿಲ್ಲ. ಜತೆಗೆ ಬರುವ ಕ್ರಿಯಾಪದವೋ ಸಂದರ್ಭವೋ ಅರ್ಥವನ್ನು ಹಿಡಿದುಕೊಡುತ್ತದೆ.

ವ್ಯಾಕರಣದ ಒಂದು ಸೊಗಸು ನೋಡಿ: ‘ನನಗೆ ಎಚ್ಚರವಾಯಿತು’ ಎನ್ನುತ್ತೇವೆ. ಹಸಿವು, ಚಳಿಗಳಂತೆ ಅದು ತಾನಾಗಿ ನಮಗೆ ‘ಆಗುವ’ ಸಂಗತಿ. ‘ನಾನು ಎಚ್ಚರವಾಗಿದ್ದೆ’ ಎಂದಾಗ ಮಾತ್ರ ಜವಾಬ್ದಾರಿ ನಮ್ಮ ಮೇಲೆ ಬೀಳುತ್ತದೆ.

‘ಎಚ್ಚರಿಸು’ ಇನ್ನೂ ಚುರುಕು. ಮಲಗಿದವರನ್ನು ಎಚ್ಚರಿಸಿದರೆ ಎಬ್ಬಿಸಿದಂತೆ. ಕಚೇರಿಯಲ್ಲಿ ಮೇಲಧಿಕಾರಿ ಎಚ್ಚರಿಸಿದರೆ ಅದು ಬೆದರಿಕೆಯ ಪಕ್ಕದ ಮನೆ! ‘ಎಚ್ಚರಿಕೆ’ಗಂತೂ ನಿದ್ದೆಯ ನಂಟು ಬಹುಮಟ್ಟಿಗೆ ಕಳಚಿಹೋಗಿದೆ. ವೈದ್ಯರ ‘ಮುನ್ನೆಚ್ಚರಿಕೆ’, ಪೊಲೀಸರ ‘ಕಟ್ಟೆಚ್ಚರ’ ಇದೇ ಮನೆತನದವು. ಎರಡನೆಯದು ಮನೆಮಾತಿಗಿಂತ ಪತ್ರಿಕೆಯ ತಲೆಬರಹದಲ್ಲೇ ಹೆಚ್ಚು ಕಾಣುತ್ತದೆ ಎಂಬುದನ್ನು ನಾವೇ ಒಪ್ಪಬೇಕು.

ನಮ್ಮ ‘ಎಚ್ಚರಿಕೆ’ ತೆಲುಗಿನಲ್ಲಿ ‘ಹೆಚ್ಚರಿಕ’, ತಮಿಳಿನಲ್ಲಿ ‘ಎಚ್ಚರಿಕ್ಕೈ’. ವಾಗ್ಗೇಯಕಾರ ತ್ಯಾಗರಾಜರ (1767–1847) ಉತ್ಸವ ಸಂಪ್ರದಾಯ ಕೃತಿಗಳಲ್ಲಿ ಯದುಕುಲಕಾಂಭೋಜಿ ರಾಗದ ‘ಹೆಚ್ಚರಿಕಗಾ ರಾರಾ’ ಪ್ರಸಿದ್ಧ. ಅಲ್ಲಿ ಅದು ಗದರಿಕೆಯಲ್ಲ, ಜೋಪಾನವಾಗಿ ಬಾ ಎಂದು ರಾಮನನ್ನು ಬರಮಾಡಿಕೊಳ್ಳುವ ಉಪಚಾರ.