ವಿದ್ಯುತ್ ಮಾರ್ಗದ ನಕ್ಷೆ: ರೈತರು ತಿಳಿದಿರಬೇಕಾದ ವಿಷಯಗಳು

ಭಾರಿ ವಿದ್ಯುತ್ ಮಾರ್ಗದ ಗೋಪುರಗಳು ಒಮ್ಮೆ ಜಮೀನಿನಲ್ಲಿ ನಿಂತರೆ ಹಲವು ದಶಕ ಅಲ್ಲೇ ಇರುತ್ತವೆ. 220 ಕಿಲೋವೋಲ್ಟ್ ಮಾರ್ಗಕ್ಕೆ 35 ಮೀಟರ್, 400 ಕಿಲೋವೋಲ್ಟ್ ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ಬೇಕು. ಅಂದರೆ 400 ಕಿಲೋವೋಲ್ಟ್ ಮಾರ್ಗದ ಪ್ರತಿ ಕಿಲೋಮೀಟರಿಗೆ 11 ಎಕರೆಗೂ ಹೆಚ್ಚು ಭೂಮಿ ಈ ಪಟ್ಟಿಗೆ ಸೇರುತ್ತದೆ. ಅಲ್ಲಿ ರಾಗಿ, ಶೇಂಗಾ, ತರಕಾರಿ ಬೆಳೆಯಬಹುದು. ತೆಂಗು, ಅಡಿಕೆಯಂತಹ ಎತ್ತರದ ಮರಗಳನ್ನು ಬೆಳೆಯುವಂತಿಲ್ಲ. ಆದ್ದರಿಂದ ಮಾರ್ಗವನ್ನು ಹೇಗೆ ಆರಿಸುತ್ತಾರೆಂಬುದನ್ನು ರೈತರು ಅರಿತಿರುವುದು ಅವಶ್ಯ.

ಮಾರ್ಗ ಆರಿಸುವ ಕ್ರಮ

ಹಿಂದೆ 1:50,000 ಪ್ರಮಾಣದ ಭೂಪಟದ ಮೇಲೆ ಗೆರೆ ಎಳೆದು, ನಂತರ ಕಾಲ್ನಡಿಗೆಯಲ್ಲಿ ಮೋಜಣಿ ಮಾಡಲಾಗುತ್ತಿತ್ತು. ಈಗ ಉಪಗ್ರಹ ಚಿತ್ರ, ಅರಣ್ಯದ ಎಲ್ಲೆ, ಊರು, ಕೆರೆ, ರಸ್ತೆ, ನೆಲದ ಏರಿಳಿತ ಇವುಗಳ ನಕ್ಷೆಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಪ್ರದೇಶವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ತೊಂದರೆಗೆ ತಕ್ಕ ಅಂಕ ಕೊಡುತ್ತಾರೆ.

ಉದಾಹರಣೆಗೆ, ಬೀಳು ಭೂಮಿಗೆ 2, ತೋಟಕ್ಕೆ 8 ಅಂಕ ಎನ್ನೋಣ. ತೋಟದ ನಡುವೆ ನೇರವಾಗಿ ಹೋಗುವ 10 ಚೌಕಗಳಿಗೆ 80 ಅಂಕ. ಬೀಳಿನ ಮೇಲೆ ಸುತ್ತಿ ಹೋಗುವ 14 ಚೌಕಗಳಿಗೆ 28 ಅಂಕ ಮಾತ್ರ. ಯಂತ್ರವು ಕಡಿಮೆ ಅಂಕದ ದಾರಿಯನ್ನೇ ಸೂಚಿಸುತ್ತದೆ. ಆದರೆ ತಿರುವು ಹೆಚ್ಚಿದಷ್ಟೂ ದುಬಾರಿಯಾದ ಬಲವಾದ ಗೋಪುರಗಳು ಬೇಕಾಗುವುದರಿಂದ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ನಕ್ಷೆ ಕಾಣದ ಸಂಗತಿಗಳು

ಚಿತ್ರ ತೆಗೆದ ಮೇಲೆ ನೆಟ್ಟ ಅಡಿಕೆ ಸಸಿ ಅದರಲ್ಲಿ ಇರುವುದಿಲ್ಲ. ಕೊಳವೆ ಬಾವಿ, ನೆಲದೊಳಗಿನ ನೀರಿನ ಪೈಪು ಮೇಲಿನಿಂದ ಕಾಣುವುದಿಲ್ಲ. ಹೀಗಾಗಿ ತೋಟವೂ ಬೀಳೆಂದು ಎಣಿಕೆಯಾಗಬಹುದು. ಈ ಕೊರತೆಯನ್ನು ತುಂಬಬಲ್ಲವನು ಜಮೀನಿನ ಒಡೆಯನೇ.

ರೈತರು ಮಾಡಬೇಕಾದದ್ದು

1. ಮೋಜಣಿಯವರು ಗೂಟ ನೆಟ್ಟ ಕೂಡಲೇ ನಕ್ಷೆ ತೋರಿಸಲು ಕೇಳಿ. 'ದಿಶಾಂಕ್' ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರನ್ನು ನೋಡಿಕೊಳ್ಳಿ.

2. ಬಾವಿ, ಪೈಪು, ಹೊಸ ತೋಟಗಳನ್ನು ಗುರುತಿಸಿ, ಫೋಟೋ ಸಹಿತ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

3. ಬೆಳೆ ಮತ್ತು ಮರಗಳ ಪರಿಹಾರಕ್ಕಾಗಿ ಪಹಣಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಿದೆಯೇ ಪರೀಕ್ಷಿಸಿ.

4. ಕೇಂದ್ರ ಸರ್ಕಾರದ ಜೂನ್ 2024ರ ಮಾರ್ಗಸೂಚಿಯು ಗೋಪುರದ ತಳದ ಜಾಗಕ್ಕೆ ಭೂಮಿಯ ಬೆಲೆಯ ಶೇ. 200, ತಂತಿಯ ಪಟ್ಟಿಗೆ ಶೇ. 30 ಪರಿಹಾರ ಸೂಚಿಸಿದೆ. ನಿಮ್ಮಲ್ಲಿ ಅನ್ವಯವಾಗುವ ದರವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಗೂಟವಿರುವಾಗ ಮಾರ್ಗವನ್ನು ಕೆಲವು ಮೀಟರ್ ಸರಿಸುವುದು ಸುಲಭ. ಕಾಂಕ್ರೀಟ್ ಬಿದ್ದ ಮೇಲೆ ಬಹಳ ಕಷ್ಟ. ಆದ್ದರಿಂದ ಮೋಜಣಿಯ ದಿನ ರೈತರು ಹೊಲದಲ್ಲಿ ತಪ್ಪದೆ ಹಾಜರಿರಬೇಕು.