ಬಳ್ಳಾರಿ ಆಕಾಶಕ್ಕೆ ಎಷ್ಟು ಬುಗುರಿ ಬೇಕು?

ನಮ್ಮ ಇಟ್ಟಿಗಿಯಿಂದ ಮೂಡಣಕ್ಕೆ ಹೋದರೆ ಬಳ್ಳಾರಿ. 1932ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಟಪಾಲು ಆಕಾಶದಿಂದ ಬಂತು. 15ರಂದು ಜೆ.ಆರ್‌.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಮುಟ್ಟಿಸಿದರು. ವಿಮಾನದ ಹೆಸರು ಪುಸ್ ಮಾತ್: 120 ಅಶ್ವಶಕ್ತಿಯ ಒಂದೇ ಎಂಜಿನ್, ಉಕ್ಕಿನ ಕೊಳವೆಗಳ ಮೇಲೆ ಬಟ್ಟೆ ಹೊದಿಸಿದ ಮೈ. ರೇಡಿಯೊ ಇರಲಿಲ್ಲ. ಕೆಳಗೆ ಹೊಳೆ, ರೈಲುಹಳಿ, ಎದುರಿಗೆ ದಿಕ್ಸೂಚಿ.

ಅದಕ್ಕೂ ಮೂರು ವರ್ಷ ಮೊದಲೇ, 1929ರ ಸೆಪ್ಟೆಂಬರ್ 24ರಂದು, ಅಮೆರಿಕದ ಜಿಮ್ಮಿ ಡೂಲಿಟಲ್ ಹೊರಗೇನೂ ಕಾಣದ ಮುಸುಕಿನೊಳಗೆ ಕೂತು ವಿಮಾನ ಏರಿಸಿ, ಇಳಿಸಿ ತೋರಿಸಿದ್ದ. ಅವನ ಮುಂದೆ ವಿಮಾನದ ವಾಲಿಕೆ ತೋರುವ, ಸ್ಪೆರ್ರಿ ಕಂಪನಿಯ ಕೃತಕ ದಿಗಂತವಿತ್ತು, ದಿಕ್ಕು ತೋರುವ ಗೈರೊ ಇತ್ತು. ಎರಡರ ಒಳಗೂ ಇರುವ ಗೈರೊ ಎಂದರೆ ಬುಗುರಿಯೇ. ರಭಸದಿಂದ ತಿರುಗುತ್ತಿರುವವರೆಗೆ ತನ್ನ ಅಚ್ಚನ್ನು ಬಿಟ್ಟುಕೊಡುವುದಿಲ್ಲ.

ಆದರೆ ಬುಗುರಿಗೆ ಚಾಟಿ ಯಾರು ಬೀಸಬೇಕು? ವಿದ್ಯುತ್ತೇ ಇಲ್ಲದ ಹಳೆಯ ವಿಮಾನಗಳಲ್ಲಿ ಆ ಕೆಲಸ ವೆಂಚುರಿಯದು. ಮೈಯ ಹೊರಗೆ ಕಟ್ಟಿದ, ನಡು ಸಣ್ಣಗಾದ ಕೊಳವೆ ಅದು. ಗಾಳಿ ಅದರ ನಡುವಿನಲ್ಲಿ ನುಗ್ಗುವಾಗ ಒತ್ತಡ ಇಳಿದು, ಉಪಕರಣದೊಳಗಿನ ಗಾಳಿಯನ್ನು ಎಳೆಯುತ್ತದೆ. ಆ ಸೆಳೆತಕ್ಕೆ ಚಕ್ರ ತಿರುಗುತ್ತದೆ. ತಿರುವು ತೋರುವ ಗೈರೊ ಮುಳ್ಳಿಗೆ ಪಾದರಸದ ಲೆಕ್ಕದಲ್ಲಿ 2 ಅಂಗುಲದಷ್ಟು ಸೆಳೆತ ಸಾಕು. ಕೃತಕ ದಿಗಂತಕ್ಕೆ 4ರಿಂದ 5 ಬೇಕು, ಅಂದರೆ ದೊಡ್ಡ ಕೊಳವೆ. ಸಣ್ಣ ಎಂಜಿನ್ನಿಗೆ ಅದು ಎದುರುಗಾಳಿಯ ಹೊರೆ. ಮೇಲಾಗಿ ವೇಗ ಹಿಡಿಯುವ ತನಕ ವೆಂಚುರಿ ನಿದ್ದೆಯಲ್ಲೇ ಇರುತ್ತದೆ. ಚಳಿದೇಶದವರಿಗೆ ಅದರ ಬಾಯಿಗೆ ಹಿಮ ಕಟ್ಟುವ ಚಿಂತೆ. ನಮ್ಮ ಕಡೆ ಎರೆಮಣ್ಣಿನ ಧೂಳಿನದು. ಸೋಸುವ ಜಾಲರಿ ಇಲ್ಲದಿದ್ದರೆ ಗೈರೊದ ಬೇರಿಂಗು ಬೇಗ ಸವೆಯುತ್ತದೆ.

ದಿಕ್ಕಿನ ಗೈರೊ ಚುರುಕು, ಆದರೆ ಅದಕ್ಕೆ ಮರೆವು. ಕೆಳಗೆ ಭೂಮಿಯೇ ತಿರುಗುತ್ತಿರುವುದರಿಂದ ನಮ್ಮ 15 ಡಿಗ್ರಿ ಅಕ್ಷಾಂಶದಲ್ಲಿ ಗಂಟೆಗೆ ಸುಮಾರು 4 ಡಿಗ್ರಿ ಜಾರುತ್ತದೆ. ಬೇರಿಂಗಿನ ತಿಕ್ಕಾಟ ಬೇರೆ. ಕಾಲುಗಂಟೆಗೊಮ್ಮೆ ದಿಕ್ಸೂಚಿ ನೋಡಿ ಅದನ್ನು ತಿದ್ದಬೇಕು. ದಿಕ್ಸೂಚಿಯೋ ಮನೆಯ ಹಿರಿಯನ ಹಾಗೆ: ತಿರುವಿನಲ್ಲಿ ತಡವರಿಸುತ್ತದೆ, ನಿಂತ ಮೇಲೆ ನಿಜ ಹೇಳುತ್ತದೆ. ಅಯಸ್ಕಾಂತದ ಮುಳ್ಳು ನೆಲದತ್ತ ಬಾಗುವುದರಿಂದ ಆ ತಡವರಿಕೆ. ಲಂಡನ್ನಿನಲ್ಲಿ ಬಾಗು ಸುಮಾರು 66 ಡಿಗ್ರಿ, ಬಳ್ಳಾರಿ ಸೀಮೆಯಲ್ಲಿ 20ರೊಳಗೆ. ಹಾಗಾಗಿ ಇಲ್ಲಿ ಅದರ ತಪ್ಪು ಕಡಿಮೆ. ಬ್ರಿಟನ್ನಿನ ಬಾಗಿಗೆ ತೂಕ ಹೊಂದಿಸಿದ ಹಳೆಯ ದಿಕ್ಸೂಚಿಯನ್ನು ಕೊಂಡರೆ ಮಾತ್ರ ಅದರ ಬಿಲ್ಲೆ ಇಲ್ಲಿ ಓರೆಯಾಗಿ ನಿಲ್ಲಬಹುದು.

ಎಚ್‌ಎಎಲ್ 1958ರಲ್ಲಿ ಹಾರಿಸಿದ 90 ಅಶ್ವಶಕ್ತಿಯ ಪುಷ್ಪಕದಂಥ ವಿಮಾನವನ್ನು ಇಂದು ಯಾರಾದರೂ ಮತ್ತೆ ಹಾರಿಸಹೊರಟರೆ ನಾನು ಹೇಳುವುದಿಷ್ಟು: ಒಳ್ಳೆಯ ದಿಕ್ಸೂಚಿ, ತಿರುವು ತೋರುವ ಒಂದು ಮುಳ್ಳು, ಅದಕ್ಕೊಂದು ಸಣ್ಣ ವೆಂಚುರಿ. ಕೃತಕ ದಿಗಂತ ಹಲಗೆಗೆ ಶೋಭೆ, ನಿಜ; ಹಗಲಲ್ಲಿ, ನೆಲ ಕಾಣುವಾಗ ಮಾತ್ರ ಹಾರುವವರಿಗೆ ನಿಜವಾದ ದಿಗಂತ ಪುಕ್ಕಟೆ.

ದಿಕ್ಸೂಚಿಯನ್ನು ಜೋಡಿಸಿದ ಮೇಲೆ ವಿಮಾನವನ್ನು ನೆಲದಲ್ಲೇ 30 ಡಿಗ್ರಿಗೊಮ್ಮೆ ತಿರುಗಿಸಿ ನಿಲ್ಲಿಸಿ, ಉಕ್ಕಿನ ಕೊಳವೆಗಳು ಅದರ ಮುಳ್ಳನ್ನು ಎಷ್ಟು ಎಳೆಯುತ್ತವೆಂದು ಚೀಟಿಯಲ್ಲಿ ಬರೆದು ಪಕ್ಕದಲ್ಲೇ ಅಂಟಿಸುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲೋ ಮತ್ತೆಲ್ಲೋ ನಿಮಗೆ ಸಣ್ಣ ವಿಮಾನದಲ್ಲಿ ಕೂರುವ ಯೋಗ ಬಂದರೆ, ಮೊಬೈಲನ್ನು ದಿಕ್ಸೂಚಿಯ ಹತ್ತಿರ ಇಡಬೇಡಿ. ಅದರ ಸ್ಪೀಕರಿನಲ್ಲೂ ಅಯಸ್ಕಾಂತವಿದೆ, ಚೀಟಿಯಲ್ಲಿ ಅದರ ಲೆಕ್ಕವಿಲ್ಲ.