ಧರ್ಮಪಾಠ ಹೇಳುವವರಿಗೂ ಪಾಠ ಬೇಕು

ಗಣಿತವನ್ನು ಕಲಿಸಬೇಕಾದವರು ಗಣಿತವನ್ನು ಬಲ್ಲವರಾಗಿರಬೇಕು. ಹೊಲಿಗೆಯನ್ನು ಕಲಿಸಬೇಕಾದವರ ಕೈ ಸೂಜಿ ಹಿಡಿದು ಪಳಗಿರಬೇಕು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧರ್ಮವನ್ನು ಕಲಿಸುವ ಮಾತು ಬಂದಾಗ ಮಾತ್ರ, ಭಕ್ತಿಯೊಂದಿದ್ದರೆ ಸಾಕು, ಬೇರೆ ಸಿದ್ಧತೆಯೇನೂ ಬೇಡವೆಂಬ ಅಭಿಪ್ರಾಯವು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು. ಈ ಅಭಿಪ್ರಾಯವು ಎಷ್ಟರ ಮಟ್ಟಿಗೆ ಸರಿ, ಎಷ್ಟರ ಮಟ್ಟಿಗೆ ತಪ್ಪು ಎಂಬುದನ್ನು ಈ ಸ್ಮರಣ ಸಂಚಿಕೆಯ ವಾಚಕರಾದ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ವಿಚಾರಕ್ಕೆ ಇಡುವುದೇ ಈ ಲೇಖನದ ಉದ್ದೇಶವು.

ಕಥೋಲಿಕ ಧರ್ಮಸಭೆಯಲ್ಲಿ ಮಕ್ಕಳಿಗೂ ಹೊಸದಾಗಿ ವಿಶ್ವಾಸಕ್ಕೆ ಬಂದವರಿಗೂ ಧರ್ಮದ ತತ್ವಗಳನ್ನು ಬೋಧಿಸುವುದಕ್ಕೆ ಜ್ಞಾನೋಪದೇಶವೆಂದು ಹೆಸರು. ಅದನ್ನು ಬೋಧಿಸುವವರನ್ನು ಉಪದೇಶಿಗಳೆನ್ನುವರು. ಇವರು ಗುರುಗಳಲ್ಲ, ಕನ್ಯಾಸ್ತ್ರೀಯರೇ ಆಗಬೇಕೆಂಬ ನಿಯಮವೂ ಇಲ್ಲ. ವಾರದ ಆರು ದಿನ ತಮ್ಮ ತಮ್ಮ ಮನೆವಾರ್ತೆಯನ್ನೋ ನೌಕರಿಯನ್ನೋ ನೋಡಿಕೊಂಡು, ಆದಿತ್ಯವಾರ ಪೂಜೆಯು ಮುಗಿದ ಮೇಲೆ ಒಂದು ತಾಸು ಹತ್ತಿಪ್ಪತ್ತು ಮಕ್ಕಳನ್ನು ಮುಂದೆ ಕೂರಿಸಿಕೊಳ್ಳುವ ಗೃಹಿಣಿಯರು, ಶಿಕ್ಷಕಿಯರು, ಕಾಲೇಜಿನಲ್ಲಿ ಓದುವ ತರುಣಿಯರು ಇವರಲ್ಲಿ ಬಹಳ. ಇವರಿಗೆ ಸಂಬಳವಿಲ್ಲ, ಮನಸ್ಸೊಪ್ಪಿ ಮಾಡುವ ಸೇವೆ.

ಈ ಸೇವೆಯು ನಿನ್ನೆ ಮೊನ್ನೆಯದಲ್ಲ. ಸುಮಾರು ಕ್ರಿ. ಶ. 400ರಲ್ಲಿ ಕಾರ್ಥೇಜ್ ಪಟ್ಟಣದ ದೇವೊಗ್ರಾಸಿಯಸನೆಂಬ ಉಪಯಾಜಕನು, ಹೊಸಬರಿಗೆ ಧರ್ಮವನ್ನು ಬೋಧಿಸುವಾಗ ತನ್ನ ಮಾತು ತನಗೇ ಸಪ್ಪೆಯಾಗಿ ತೋರುವುದೆಂದೂ ಕೇಳುವವರು ಬೇಸರಪಡುವರೇನೋ ಎಂದೂ ಸಂತ ಅಗಸ್ತೀನರ ಬಳಿ ತೋಡಿಕೊಂಡನು. ಅದಕ್ಕುತ್ತರವಾಗಿ ಅಗಸ್ತೀನರು ಒಂದು ಚಿಕ್ಕ ಗ್ರಂಥವನ್ನೇ ಬರೆದರು. ಕಲಿಸುವವನ ಸಂತೋಷವು ಕಲಿಯುವವನಿಗೆ ತಾಗುವುದು, ಅವನ ಬೇಸರವೂ ಹಾಗೆಯೇ ತಾಗುವುದು. ಕೇಳುವವನು ಪಂಡಿತನೋ ಹಳ್ಳಿಗನೋ ಎಂಬುದನ್ನು ತಿಳಿದು ಮಾತನಾಡಬೇಕು. ನಿಂತು ಕೇಳಿ ಬಳಲಿದವನಿಗೆ ಕುಳಿತುಕೊಳ್ಳಲು ಆಸನವನ್ನು ಕೊಡಬೇಕು ಎಂಬಷ್ಟು ಸಣ್ಣ ಸಂಗತಿಗಳವರೆಗೂ ಅದರಲ್ಲಿ ಬುದ್ಧಿವಾದವಿದೆ. ಉಪದೇಶಿಗಳ ಶಿಕ್ಷಣಕ್ಕೆ ಇದನ್ನು ಒಂದು ಆದಿಗ್ರಂಥವೆನ್ನಬಹುದು.

ಮುಂದೆ 1536ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಸ್ತೆಲ್ಲಿನೊ ದ ಕಸ್ತೆಲ್ಲೊ ಎಂಬ ಗುರುಗಳು ಬಡ ಮಕ್ಕಳಿಗಾಗಿ ರಜಾದಿನದ ಧರ್ಮಶಾಲೆಯನ್ನು ತೆರೆದರು. ಅದೇ ಶತಮಾನದಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊ ಅವರು ಅಂಥ ಶಾಲೆಗಳನ್ನು ತಮ್ಮ ಮಹಾಧರ್ಮಪ್ರಾಂತ್ಯದಲ್ಲೆಲ್ಲ ಹಬ್ಬಿಸಿದರು. ನಮ್ಮ ದೇಶಕ್ಕೆ 1542ರಲ್ಲಿ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರರು ತಮಿಳುನಾಡಿನ ಮುತ್ತಿನ ಕರಾವಳಿಯಲ್ಲಿ ಊರೂರಿಗೆ ಒಬ್ಬೊಬ್ಬ ಉಪದೇಶಿಯನ್ನು ನೇಮಿಸಿದರು. ತಾವು ಒಂದೂರಿನಲ್ಲಿ ಬಹುದಿನ ನಿಲ್ಲಲಾರೆವೆಂಬುದನ್ನೂ, ನಿಲ್ಲುವವನು ಆ ಊರಿನವನೇ ಆಗಬೇಕೆಂಬುದನ್ನೂ ಅವರು ಬಲ್ಲವರಾಗಿದ್ದರು. ಆ ಉಪದೇಶಿಗಳ ಖರ್ಚಿಗೆ ಪೋರ್ಚುಗಲ್ಲಿನ ರಾಣಿಯ ಪಾದರಕ್ಷೆಯ ವೆಚ್ಚಕ್ಕೆಂದು ಮೀಸಲಾಗಿದ್ದ ಹಣವನ್ನು ಅವರು ಬೇಡಿ ಪಡೆದರೆಂಬುದು ಪ್ರಸಿದ್ಧವಾದ ಸಂಗತಿ.

ಕನ್ನಡನಾಡಿಗೆ ಬಂದರೆ, 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನಿಗೆ ಬುನಾದಿ ಹಾಕಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಮೊದಲಿಗೆ ಕೈಹಾಕಿದ ಕಾರ್ಯಗಳಲ್ಲಿ ಕನ್ನಡದಲ್ಲಿ ಜ್ಞಾನೋಪದೇಶವನ್ನು ಬರೆಯುವುದೂ ಒಂದು. ನಮ್ಮ ಗದಗಿನ ನೆರೆಹೊರೆಯಲ್ಲಿಯೂ ಈ ಮಾತು ಹೊಸದಲ್ಲ. 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನು ಪ್ರೊಟೆಸ್ಟಂಟ್ ಪಂಥದ್ದು. ಅವರ ಸಿದ್ಧಾಂತ ಬೇರೆ. ಆದರೆ ಊರವರ ನುಡಿಯಲ್ಲಿ ಊರವರಿಂದಲೇ ಬೋಧೆಯಾಗಬೇಕು, ಅಂಥವರಿಗೆ ಶಿಕ್ಷಣ ಬೇಕು ಎಂಬ ವಿಷಯದಲ್ಲಿ ಅವರದೂ ಇದೇ ಅನುಭವ. ಮಂಗಳೂರಿನ ಬಲ್ಮಠದಲ್ಲಿ ಅವರು ನಡೆಸಿದ ಪಾಠಶಾಲೆಯು ಅದಕ್ಕೆ ಸಾಕ್ಷಿ.

1905ನೆಯ ಇಸವಿಯನ್ನು ನಮ್ಮ ಭಾಗದವರು ಮರೆಯುವಂತಿಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ್ದು ಆ ವರ್ಷ. ಊರಿನ ಕೆಲಸವನ್ನು ಊರಿನವರೇ ಕೂಡಿ ಮಾಡಿಕೊಳ್ಳಬೇಕೆಂಬುದು ಅದರ ತಿರುಳು. ಅದೇ 1905ರ ಎಪ್ರಿಲ್ 15ರಂದು ರೋಮಿನಲ್ಲಿ ಜಗದ್ಗುರು ಹತ್ತನೆಯ ಪಯಸ್ಸರು ಒಂದು ವಿಶ್ವಪತ್ರವನ್ನು ಹೊರಡಿಸಿ, ಪ್ರತಿಯೊಂದು ವಿಚಾರಣೆಯಲ್ಲಿಯೂ ಕ್ರೈಸ್ತ ಬೋಧೆಯ ಸಂಘವನ್ನು ಸ್ಥಾಪಿಸಿ, ಗೃಹಸ್ಥರಾದ ಸ್ತ್ರೀಪುರುಷರನ್ನು ಈ ಕಾರ್ಯಕ್ಕೆ ಸೇರಿಸಿಕೊಳ್ಳಬೇಕೆಂದು ಅಪ್ಪಣೆ ಮಾಡಿದರು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಿವು. ಆದರೂ ಎರಡರ ತಿಳಿವಳಿಕೆಯೂ ಒಂದೇ. ಐದು ವರ್ಷಗಳ ನಂತರ, 1910ರ ಆಗಸ್ಟ್ 8ರಂದು, ಸುಮಾರು ಏಳು ವರ್ಷದ ಮಗುವೂ ಪರಮ ಪ್ರಸಾದವನ್ನು ಸ್ವೀಕರಿಸಬಹುದೆಂಬ ನಿರ್ಣಯವು ಅದೇ ಜಗದ್ಗುರುಗಳ ಕಾಲದಲ್ಲಿ ಹೊರಟಿತು. ಹನ್ನೆರಡು ವರ್ಷದ ಬಾಲಕಿಗೆ ಹೇಳಿದಂತೆ ಏಳು ವರ್ಷದ ಶಿಶುವಿಗೆ ಹೇಳಲಾಗದು. ಆದುದರಿಂದ ಬೋಧಿಸುವವರ ಸಂಖ್ಯೆಯೂ ಹೆಚ್ಚಬೇಕಾಯಿತು, ಬೋಧಿಸುವ ರೀತಿಯೂ ಬದಲಾಗಬೇಕಾಯಿತು.

ಹಿಂದಿನ ರೀತಿಯೆಂದರೆ ಪ್ರಶ್ನೋತ್ತರ. ಪ್ರಶ್ನೆಯೂ ಪುಸ್ತಕದಲ್ಲಿ, ಉತ್ತರವೂ ಪುಸ್ತಕದಲ್ಲಿ. ಮಗುವು ಬಾಯಿಪಾಠ ಒಪ್ಪಿಸಿತೆಂದರೆ ಪಾಠ ಮುಗಿಯಿತು. ಬಾಯಿಪಾಠವನ್ನು ಹಗುರವಾಗಿ ಕಾಣಲಾಗದು. ಪರಲೋಕ ಮಂತ್ರ, ನಮೋ ಮರಿಯಾ ಮಂತ್ರ, ವಿಶ್ವಾಸ ಸಂಗ್ರಹಗಳು ಎಳವೆಯಲ್ಲಿ ನಾಲಗೆಗೆ ಬಂದರೆ ಮುಪ್ಪಿನವರೆಗೆ ಜೊತೆಗಿರುವುವು. ಆದರೆ ನಾಲಗೆಯಲ್ಲಿರುವುದು ಬುದ್ಧಿಗೂ ಹೃದಯಕ್ಕೂ ಇಳಿಯದಿದ್ದರೆ, ಪ್ರಾಯಕ್ಕೆ ಬಂದ ಮೇಲೆ ಮೊದಲನೆಯ ಸಂಶಯದ ಗಾಳಿಗೆ ಎಲ್ಲವೂ ಹಾರಿಹೋಗುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಬೋಧಕರು ಮೂರು ಮೆಟ್ಟಿಲಿನ ಪದ್ಧತಿಯೊಂದನ್ನು ರೂಢಿಗೆ ತಂದರು: ಮೊದಲು ಕಥೆ, ಆಮೇಲೆ ಅದರ ವಿವರಣೆ, ಕೊನೆಗೆ ಬಾಳಿನಲ್ಲಿ ಅದರ ಆಚರಣೆ. 1936ರಲ್ಲಿ ಆಸ್ಟ್ರಿಯದ ಯೋಸೆಫ್ ಯುಂಗ್‌ಮನ್ ಎಂಬ ಯೇಸುಸಭೆಯ ಪಂಡಿತರು, ಪದ್ಧತಿಯಷ್ಟೇ ಸಾಲದು, ಬೋಧೆಯ ನಡುವಿನಲ್ಲಿ ಕ್ರಿಸ್ತನ ಶುಭಸಂದೇಶವೇ ಇರಬೇಕೆಂದು ವಾದಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಧರ್ಮಪ್ರಚಾರದ ಕುರಿತಾದ ನಿರ್ಣಯಪತ್ರದಲ್ಲಿ ಉಪದೇಶಿಗಳನ್ನು ಹೊಗಳಿ, ಅವರಿಗಾಗಿ ಶಿಕ್ಷಣಶಾಲೆಗಳು ಹೆಚ್ಚಬೇಕೆಂದು ವಿಧಿಸಿತು. 1967ರಲ್ಲಿ ಅಮಲೋರ್ಪವದಾಸ್ ಗುರುಗಳ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಭಾರತದಲ್ಲಿ ಆ ಕಾರ್ಯಕ್ಕೆ ಕೈಹಾಕಿತು. ನಮ್ಮ ಗದಗು ಸೇರಿರುವ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪಿತವಾದುದು 1953ರಲ್ಲಿ. ಅದರ ವಿಸ್ತಾರವು ದೊಡ್ಡದು, ಕಥೋಲಿಕರ ಸಂಖ್ಯೆಯು ಚಿಕ್ಕದು. ಇಂಥಲ್ಲಿ ಉಪದೇಶಿಯಿಲ್ಲದೆ ಕೆಲಸ ಸಾಗದು.

ಇನ್ನು ಶಿಕ್ಷಣದಲ್ಲಿ ಕಲಿಯತಕ್ಕದ್ದೇನು? ಮೊದಲನೆಯದು ವಿಷಯಜ್ಞಾನ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಬೃಹತ್ ಧರ್ಮೋಪದೇಶ ಗ್ರಂಥವು ನಾಲ್ಕು ಭಾಗಗಳಲ್ಲಿದೆ: ನಂಬುವುದು, ಅಂದರೆ ವಿಶ್ವಾಸ ಸಂಗ್ರಹ, ಆಚರಿಸುವುದು, ಅಂದರೆ ಏಳು ಸಂಸ್ಕಾರಗಳು, ನಡೆಯುವುದು, ಅಂದರೆ ಹತ್ತು ಕಟ್ಟಳೆಗಳು, ಬೇಡುವುದು, ಅಂದರೆ ಪ್ರಾರ್ಥನೆ. ಉಪದೇಶಿಯು ಈ ನಾಲ್ಕನ್ನೂ ತನ್ನ ಮಟ್ಟಿಗೆ ಸ್ಪಷ್ಟವಾಗಿ ಅರಿತಿರಬೇಕು, ಶುಭಸಂದೇಶಗಳನ್ನು ಓದಿ ಮನನ ಮಾಡಿರಬೇಕು.

ಎರಡನೆಯದು ಭಾಷೆ. 1963ರ ಮಹಾಸಭೆಯ ನಿರ್ಣಯದ ತರುವಾಯ ಲ್ಯಾಟಿನ್ ಭಾಷೆಯ ಸ್ಥಾನಕ್ಕೆ ಪೂಜೆಯಲ್ಲಿ ಕನ್ನಡವು ಬಂದಿತು. ಇದು ದೊಡ್ಡ ಭಾಗ್ಯ. ಆದರೆ ನಮ್ಮ ಧಾರ್ಮಿಕ ಶಬ್ದಗಳಲ್ಲಿ ಬಹಳಷ್ಟು ಸಂಸ್ಕೃತದವು. ರೈಲ್ವೆಯ ಉದ್ಯೋಗಕ್ಕೋ ವ್ಯಾಪಾರಕ್ಕೋ ಬಂದು ನೆಲೆಸಿದ ಮನೆತನಗಳ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡುವರು. ಶಾಲೆಯಲ್ಲಿ ಪುಸ್ತಕದ ಕನ್ನಡ, ಓಣಿಯಲ್ಲಿ ಗದಗಿನ ಕನ್ನಡ. ‘ಪರಮ ಪ್ರಸಾದ’ವೆಂದೊಡನೆ ಮಗುವಿಗೆ ನೆನಪಾಗುವುದು ನೆರೆಮನೆಯವರು ಗುಡಿಯಿಂದ ತಂದು ಕೊಟ್ಟ ಪ್ರಸಾದ. ಆ ನೆನಪು ತಪ್ಪಲ್ಲ. ದೇವರಿಂದ ಬಂದುದನ್ನು ಕೈಯೊಡ್ಡಿ ತೆಗೆದುಕೊಳ್ಳುವ ವಿನಯವು ಅದರಲ್ಲಿದೆ. ಅಲ್ಲಿಂದ ಹೊರಟು, ಈ ಸಂಸ್ಕಾರದ ವಿಶೇಷವಾದ ಅರ್ಥಕ್ಕೆ ಮಗುವನ್ನು ಕೈಹಿಡಿದು ನಡೆಸಬೇಕು. ನೆರೆಯವರ ಆಚಾರವನ್ನು ಹಳಿದು ತನ್ನದನ್ನು ಮೇಲೆತ್ತುವವಳು ಉಪದೇಶಿಯಾಗಲು ತಕ್ಕವಳಲ್ಲ.

ಮೂರನೆಯದು ಮಕ್ಕಳ ಲೋಕದ ಪರಿಚಯ. ಬಿತ್ತುವವನ ಸಾಮತಿಯನ್ನು ಕುರ್ತಕೋಟಿಯಂಥ ಊರಿನ ಮಗುವಿಗೆ ಹೇಳುವುದನ್ನು ಊಹಿಸೋಣ. ಕೆಲವು ಬೀಜ ದಾರಿಯ ಮೇಲೆ, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ ಬಿದ್ದುವು ಎಂದೊಡನೆ, ಒಕ್ಕಲಿಗರ ಮನೆಯ ಜಾಣ ಮಗು, “ಅಕ್ಕಾವ್ರ, ಕೂರಿಗಿಯಿಂದ ಬಿತ್ತಿದರ ಬೀಜ ಸಾಲಿನಾಗ ಬೀಳತಾವ, ದಾರಿ ಮ್ಯಾಲೆ ಹ್ಯಾಂಗ ಬಿದ್ದುವು?” ಎಂದು ಕೇಳದಿರದು. ಎರೆಭೂಮಿಯಲ್ಲಿ ಜೋಳ ಬಿತ್ತುವುದನ್ನು ಕಣ್ಣಾರೆ ಕಂಡ ಮಗುವಿನ ಈ ಪ್ರಶ್ನೆಯು ನ್ಯಾಯವಾದದ್ದು. ಸಿದ್ಧತೆಯಿಲ್ಲದ ಉಪದೇಶಿಯು, “ಸುಮ್ಮನೆ ಕೂಡು” ಎಂದು ಗದರಿಸುವಳು. ಅಂದಿನಿಂದ ಆ ಮಗು ಪ್ರಶ್ನೆ ಕೇಳುವುದನ್ನೇ ಬಿಡುವುದು. ಸಿದ್ಧಳಾದವಳು, ಕ್ರಿಸ್ತನ ನಾಡಿನಲ್ಲಿ ರೈತನು ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಹೊಲದ ತುಂಬ ಎರಚುತ್ತಿದ್ದನೆಂದು ತಿಳಿಸಿ, ಆಮೇಲೆ ಮಗುವನ್ನೇ ಕೇಳುವಳು: “ಹಾಗಾದರೆ ಒಳ್ಳೆಯ ನೆಲ ಹ್ಯಾಂಗಿರತದ ನೀನ ಹೇಳು.” ಅದರ ಉತ್ತರವು ಮಗುವಿಗೆ ಉಪದೇಶಿಗಿಂತ ಚೆನ್ನಾಗಿ ಗೊತ್ತು. ಪಾಠವು ಅಲ್ಲಿಂದ ತಾನಾಗಿಯೇ ಮುಂದುವರಿಯುವುದು.

ನಾಲ್ಕನೆಯದು ನಡತೆ. ಹೊಡೆಯುವುದು, ಹೆದರಿಸುವುದು, ನರಕದ ಚಿತ್ರವನ್ನು ತೋರಿಸಿ ನಡುಗಿಸುವುದು ಸಲ್ಲದು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಚ್ಚಿದ ಕೋಣೆಯಲ್ಲಿ ಕೂರಿಸಿಕೊಳ್ಳದೆ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಪಾಠ ಹೇಳಬೇಕು. ಇದು ಮಗುವಿಗೂ ಕ್ಷೇಮ, ಉಪದೇಶಿಗೂ ಕ್ಷೇಮ. ಮಗುವು ನಂಬಿ ಹೇಳಿದ ಮನೆಯ ಸಂಗತಿಯನ್ನು ಓಣಿಯಲ್ಲಿ ಆಡಬಾರದು. ಆದರೆ ಮಗುವಿಗೆ ಅಪಾಯವಿದೆಯೆಂದು ತೋರಿದರೆ ಹೊಣೆಯುಳ್ಳವರಿಗೆ ತಿಳಿಸದೆ ಇರಲೂ ಬಾರದು. ಇಂಥ ವಿವೇಕವು ಕೇವಲ ಭಕ್ತಿಯಿಂದ ಬರುವುದಿಲ್ಲ. ಹಿರಿಯ ಉಪದೇಶಿಯ ಬಳಿ ಕುಳಿತು, ಅವಳ ಪಾಠವನ್ನು ನೋಡಿ, ತಾನೂ ಪಾಠ ಹೇಳಿ ತಿದ್ದಿಸಿಕೊಂಡು ಬರತಕ್ಕದ್ದು. ಶಾಲಾ ಮಾಸ್ತರರಿಗೆ ನಾರ್ಮಲ್ ಶಾಲೆಯು ಬೇಕೆಂದು ಧಾರವಾಡದವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಕೊಂಡರು. ಧರ್ಮಪಾಠಕ್ಕೆ ಅದು ಬೇಡವೆನ್ನಲು ಕಾರಣವಿಲ್ಲ.

ಮಿಶನ್ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಹಿಂದೂ ಮತ್ತು ಮುಸಲ್ಮಾನ ಪಾಲಕರ ಮನಸ್ಸಿನಲ್ಲಿ ಏಳಬಹುದಾದ ಒಂದು ಶಂಕೆಗೆ ಇಲ್ಲಿ ಉತ್ತರ ಹೇಳುವುದು ಉಚಿತ. ನಮ್ಮ ರಾಜ್ಯಘಟನೆಯ 28ನೆಯ ಅನುಚ್ಛೇದದ ಪ್ರಕಾರ, ಸರಕಾರದ ಮನ್ನಣೆಯನ್ನಾಗಲಿ ನೆರವನ್ನಾಗಲಿ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಸಮ್ಮತಿಯಿಲ್ಲದೆ ಧರ್ಮಬೋಧೆಗೆ ಕೂರಿಸುವಂತಿಲ್ಲ. ವಿದ್ಯಾರ್ಥಿಯು ಅಪ್ರಾಪ್ತವಯಸ್ಕಳಾದರೆ ಪಾಲಕರ ಸಮ್ಮತಿ ಬೇಕು. ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ, ಧರ್ಮದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ಸಲ್ಲದೆಂದು ಸಾರಿತು. ಆದುದರಿಂದ ಜ್ಞಾನೋಪದೇಶವು ಕಥೋಲಿಕ ಮನೆಗಳ ಮಕ್ಕಳಿಗೂ ಸ್ವಂತ ಇಚ್ಛೆಯಿಂದ ಬಂದವರಿಗೂ ಮಾತ್ರ. ಈ ಎಲ್ಲೆಯನ್ನು ತಿಳಿಸಿಕೊಡುವುದೂ ಉಪದೇಶಿಗಳ ಶಿಕ್ಷಣದ ಅಂಗವೇ. ಎಲ್ಲೆಯನ್ನರಿಯದ ಒಬ್ಬಳ ಉತ್ಸಾಹವು, ನೂರು ವರ್ಷದ ನೆರೆಹೊರೆಯ ವಿಶ್ವಾಸವನ್ನು ಒಂದು ದಿನದಲ್ಲಿ ಕೆಡಿಸಬಲ್ಲುದು.

ಸಂಬಳವಿಲ್ಲದ ಸೇವೆಯೆಂದಮಾತ್ರಕ್ಕೆ ಅದಕ್ಕೆ ಖರ್ಚೇ ಇಲ್ಲವೆಂದಲ್ಲ. ಹಳ್ಳಿಯ ತರುಣಿಯೊಬ್ಬಳು ಗದಗಿಗೋ ಹುಬ್ಬಳ್ಳಿಗೋ ತರಬೇತಿಗೆ ಹೋಗಬೇಕಾದರೆ ಬಸ್ಸಿನ ಹಣ, ಪುಸ್ತಕದ ಹಣ, ಒಂದು ದಿನದ ಕೂಲಿಯ ನಷ್ಟ ಇವೆಲ್ಲವೂ ಉಂಟು. 1983ರ ಧರ್ಮಸಭೆಯ ಕಾನೂನಿನ 231ನೆಯ ವಿಧಿಯು, ಸಭೆಯ ವಿಶೇಷ ಸೇವೆಗೆ ನಿಂತ ಗೃಹಸ್ಥರು ತಕ್ಕ ಶಿಕ್ಷಣವನ್ನು ಪಡೆಯತಕ್ಕದ್ದೆಂದೂ, ತಮ್ಮ ಸ್ಥಿತಿಗೆ ತಕ್ಕ ನ್ಯಾಯವಾದ ಪ್ರತಿಫಲಕ್ಕೆ ಅವರು ಹಕ್ಕುಳ್ಳವರೆಂದೂ ಹೇಳುವುದು. ಪೂರ್ಣಕಾಲದ ಸೇವಕರಿಗೆ ಇದು ಹೆಚ್ಚಾಗಿ ಅನ್ವಯಿಸಿದರೂ, ಆದಿತ್ಯವಾರದ ಉಪದೇಶಿಯ ಬಸ್ಸಿನ ಹಣವನ್ನಾದರೂ ವಿಚಾರಣೆಯು ಭರಿಸುವುದು ನ್ಯಾಯ. ಹಾಗೆ ಮಾಡದಿದ್ದರೆ, ಉಳ್ಳವರ ಮನೆಯ ಹೆಣ್ಣುಮಕ್ಕಳಷ್ಟೇ ಈ ಸೇವೆಗೆ ಬರುವರು. ಹಳ್ಳಿಯ ಮಕ್ಕಳ ನುಡಿಯನ್ನು ಬಲ್ಲವರು ಹೊರಗುಳಿಯುವರು.

ಈ ಸೇವೆಯ ಗೌರವವು ಈಚೆಗೆ ಹೆಚ್ಚಿದೆ. 2021ರ ಮೇ 10ರಂದು ಜಗದ್ಗುರು ಫ್ರಾನ್ಸಿಸರು ಉಪದೇಶಿಯ ಕಾರ್ಯವನ್ನು ಧರ್ಮಸಭೆಯ ಒಂದು ವಿಧಿವತ್ತಾದ ಸೇವಾಪದವಿಯನ್ನಾಗಿ ಸ್ಥಾಪಿಸಿದರು. 2022ರ ಜನವರಿ 23ರಂದು ರೋಮಿನಲ್ಲಿ ಮೊದಲ ಸಲ ಅದನ್ನು ಸ್ತ್ರೀಪುರುಷರಿಬ್ಬರಿಗೂ ಪ್ರದಾನ ಮಾಡಿದರು. ಆದರೆ ಪದವಿಯು ಸಿದ್ಧತೆಯ ಸ್ಥಾನವನ್ನು ತುಂಬಲಾರದು. ಸ್ಥಿರವಾದ ವಿಶ್ವಾಸ, ಮಾನವೀಯ ಪ್ರೌಢತೆ, ಬೈಬಲಿನ ಮತ್ತು ಬೋಧನಾಕ್ರಮದ ಶಿಕ್ಷಣ ಇವುಳ್ಳವರನ್ನೇ ಕರೆಯಬೇಕೆಂದು ಅದೇ ಪತ್ರದಲ್ಲಿ ಹೇಳಿದೆ.

ಇಷ್ಟೆಲ್ಲ ಹೇಳಿದರೂ, ಮಗುವಿನ ಧರ್ಮಶಿಕ್ಷಣದ ಮೊದಲ ಹೊಣೆಯು ಎಲ್ಲರಿಗಿಂತ ಮುಂಚೆ ತಂದೆತಾಯಿಗಳದೆಂದು ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ಹೇಳುವುದು. ಉಪದೇಶಿಗೆ ದೊರೆಯುವುದು ವಾರಕ್ಕೆ ಒಂದು ತಾಸು. ಮನೆಗೆ ದೊರೆಯುವುದು ಉಳಿದೆಲ್ಲ ಹೊತ್ತು. ಆದಿತ್ಯವಾರ ಸತ್ಯದ ಕಟ್ಟಳೆಯನ್ನು ಕಲಿತು ಬಂದ ಮಗುವು ಸೋಮವಾರ ಬಾಗಿಲಿಗೆ ಬಂದ ಸಾಲಗಾರನಿಗೆ, “ಅಪ್ಪ ಮನೆಯಾಗಿಲ್ಲ ಅಂತ ಹೇಳು” ಎಂಬ ಅಪ್ಪಣೆಯನ್ನು ಕೇಳಿದರೆ, ಆ ತಾಸಿನ ಪಾಠವು ಎಲ್ಲಿ ನಿಂತೀತು? ಪಾಲಕರು ಮಗು ಮನೆಗೆ ಬಂದೊಡನೆ, “ಇವತ್ತ ಏನ ಕಲಿತಿ?” ಎಂದು ಕೇಳಿ ಐದು ನಿಮಿಷ ಕುಳಿತರೂ ಉಪದೇಶಿಯ ಅರ್ಧ ಭಾರವು ಇಳಿದಂತೆಯೇ.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಕೆಲವರು ಇಂದು ಶಿಕ್ಷಕಿಯರು, ಕೆಲವರು ದಾದಿಯರು, ಬಹಳ ಜನ ಮನೆಯೊಡತಿಯರು. ಪಾಠವನ್ನು ಸಿದ್ಧಪಡಿಸುವುದು, ಹತ್ತು ಮಕ್ಕಳನ್ನು ಗದರಿಸದೆ ಸುಮ್ಮನಿರಿಸುವುದು, ಸ್ಪಷ್ಟವಾಗಿ ಕನ್ನಡವನ್ನಾಡುವುದು, ಇವನ್ನೆಲ್ಲ ಶಾಲೆಯು ನಿಮಗೆ ಕಲಿಸಿರುವುದು. ನಿಮ್ಮಲ್ಲಿ ಕಥೋಲಿಕರಾದವರು ತಮ್ಮ ವಿಚಾರಣಾ ಗುರುಗಳನ್ನು ಕಂಡು, ಒಂದು ವರ್ಷ ಹಿರಿಯ ಉಪದೇಶಿಯೊಡನೆ ಕುಳಿತು ಕಲಿಯುವೆವೆಂದು ಹೇಳಬಹುದು. ಕೂಡಲೇ ಒಂದು ವರ್ಗವನ್ನು ವಹಿಸಿಕೊಡಿರೆಂದು ಕೇಳುವ ಅವಸರ ಬೇಡ. ಬೇರೆ ಮತದವರಾದ ನೀವು, ನಿಮ್ಮ ನಿಮ್ಮ ಮನೆಯ ಮಕ್ಕಳಿಗೆ ನಿಮ್ಮ ಧರ್ಮದಲ್ಲಿರುವ ಒಳ್ಳೆಯದನ್ನು ಇದೇ ತಾಳ್ಮೆಯಿಂದ ಹೇಳಿಕೊಡಿರಿ. ಮಗುವಿನ ಪ್ರಶ್ನೆಗೆ ಗದರಿಕೆಯಿಲ್ಲದೆ ಉತ್ತರ ಕೊಡುವ ಹಿರಿಯರು ಮನೆಮನೆಯಲ್ಲಿದ್ದರೆ, ಅದರ ಫಲವು ಯಾವ ಒಂದು ಮತಕ್ಕೂ ಸೀಮಿತವಾಗದೆ ಇಡೀ ಊರಿಗೆ ಸಲ್ಲುವುದು.